ಆಪರೇಷನ್ ಚೆನ್ನಾಗಿಯೇ ಆಯ್ತು, ಅಮ್ಮನ ತೊಡೆ ಯಾಕೆ ಸೊರಗಿತು?

"ಬಚ್ಚಲಲ್ಲಿ ಜಾರಿ ಬಿದ್ದು ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಒಂದೂವರೆ ತಿಂಗಳಾಯ್ತು. ಎಕ್ಸ್‌ರೇ ಚೆನ್ನಾಗಿದೆ ಅಂತಾರೆ. ಆದರೆ ಕಾಲು ಕಡ್ಡಿಯಾಗಿದೆ, ಎದ್ದು ನಿಲ್ಲೋಕಾಗ್ತಿಲ್ಲ. ಯಾಕೆ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ನಾನು ತಿರುಗಿ ಕೇಳುವುದೂ ಒಂದೇ: ಇಷ್ಟು ದಿನ ಅಮ್ಮ ಎಲ್ಲಿದ್ದರು? ಮಂಚದ ಮೇಲೆ. "ಮೂಳೆ ಕೂಡಲಿ, ಎದ್ದರೆ ರಾಡ್ ಜರುಗುತ್ತೆ ಅಂತ ಏಳೋಕೆ ಬಿಡಲಿಲ್ಲ."

ದಯವಿಟ್ಟು ಈ ನಂಬಿಕೆ ಬಿಡಿ. ರಾಡು, ಸ್ಕ್ರೂ ಹಾಕುವುದೇ ಬೇಗ ಎದ್ದು ಕಾಲೂರಲಿ ಅಂತ. ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಎಷ್ಟು ಭಾರ ಹಾಕಬಹುದು ಅಂತ ಸರ್ಜನ್‌ರನ್ನೇ ಕೇಳಿ. ಭಾರ ಹಾಕಬೇಡಿ ಅಂದರೂ ಕುರ್ಚಿಯಲ್ಲಿ ಕೂರಬಹುದಾ, ತೊಡೆ ಬಿಗಿ ಹಿಡಿದು ಬಿಡುವ ವ್ಯಾಯಾಮ ಮಾಡಬಹುದಾ ಅಂತ ಕೇಳಿ. ಬಹುತೇಕ ಹೂಂ ಅಂತಾರೆ.

ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಕಾಲುಗಳಿಂದಲೇ ಹೆಚ್ಚುಕಡಿಮೆ 1 ಕೆಜಿ ಮಾಂಸಖಂಡ ಕರಗಿತ್ತು. ಅವರಿಗೆ ಮೂಳೆ ಮುರಿದಿರಲಿಲ್ಲ, ನೋವಿರಲಿಲ್ಲ, ಊಟ ಬಿಟ್ಟಿರಲಿಲ್ಲ. ನಿಮ್ಮಮ್ಮನಿಗೆ ಮೂರೂ ಇದ್ದವು, ಅಲ್ವಾ?

ವಯಸ್ಸು, ಬೀಳುವ ಮೊದಲು ಎಷ್ಟು ಓಡಾಡುತ್ತಿದ್ದರು, ಮೊದಲೇ ಸಣಕಲಿದ್ದರಾ, ಮರೆವಿನ ಕಾಯಿಲೆ, ವಿಟಮಿನ್ ಡಿ ಕೊರತೆ, ಇವೆಲ್ಲ ಇದರ ಜೊತೆ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಹಲವನ್ನು ಈಗ ಬದಲಿಸಲು ಆಗುವುದಿಲ್ಲ. ತಟ್ಟೆಯನ್ನು ಬದಲಿಸಬಹುದು. ಹುಷಾರಿಲ್ಲದವರಿಗೆ ಅಂತ ಮೂರು ಹೊತ್ತೂ ಗಂಜಿ ಕೊಡುತ್ತೇವೆ. 50 ಕೆಜಿ ತೂಕದವರಿಗೆ ಈ ಸಮಯದಲ್ಲಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದೇ 6 ಗ್ರಾಂ. ಹಾಗಾದರೆ ಬರೀ ಗಂಜಿ ಯಾವ ಮೂಲೆಗೆ? ಗಟ್ಟಿ ಬೇಳೆ, ಮೊಸರು, ಮೊಟ್ಟೆ, ಮೀನು, ಹುರಿಗಡಲೆ ಪುಡಿ, ಒಗ್ಗುವುದನ್ನು ಪ್ರತಿ ಊಟದಲ್ಲೂ ಕೊಡಿ. ಕಿಡ್ನಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ನೀವು ಅಪ್ಪನ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಇವತ್ತು ಅವರನ್ನು ಕುರ್ಚಿಯಲ್ಲಿ ಕೂರಿಸಿ. ಅವರದೇ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಮೀನಖಂಡದ ದಪ್ಪ ಭಾಗಕ್ಕೆ ಬಳೆ ಹಾಕಿದ ಹಾಗೆ ಹಿಡಿಯಲಿ. ಜಪಾನಿನಲ್ಲಿ ಹಿರಿಯರಿಗೆ ಹೇಳಿಕೊಡುವ ಪರೀಕ್ಷೆ ಇದು. ಬೆರಳು ಕೂಡಿಯೂ ಒಳಗೆ ಸಂದು ಉಳಿದರೆ ಮಾಂಸಖಂಡ ಕಮ್ಮಿ ಇರುವ ಸಾಧ್ಯತೆ ಜಾಸ್ತಿ. ಕಾಲು ಊದಿದ್ದರೆ ಇದನ್ನು ನಂಬಬೇಡಿ. ಸಂದು ಕಂಡರೆ, ಅಮ್ಮನ ಮುಂದಿನ ಚೆಕಪ್‌ಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ.