ಮಗು ಗೊರಕೆ ಹೊಡೆದರೆ ಒಳ್ಳೇ ನಿದ್ದೆ ಅಲ್ವಾ?

"ಐದು ವರ್ಷದ ಮಗ ದಿನಾ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾನೆ. ಒಳ್ಳೇ ನಿದ್ದೆ ಬಿಡು ಅಂತಾರೆ ನಮ್ಮತ್ತೆ. ಹಲ್ಲಿನ ಡಾಕ್ಟರು ಮಾತ್ರ ದವಡೆ ಕಿರಿದಾಗಿದೆ, ಇಎನ್‌ಟಿಗೆ ತೋರಿಸಿ ಅಂದರು. ದವಡೆಗೂ ನಿದ್ದೆಗೂ ಏನು ಸಂಬಂಧ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತೆ. ಬರಲಿ, ಇನ್ನೊಮ್ಮೆ ಹೇಳುತ್ತೇನೆ. ಬಾಯಿಯ ಅಂಗುಳವೇ ಮೂಗಿನ ನೆಲ. ಮೇಲ್ದವಡೆ ಕಿರಿದಾದರೆ ಮೂಗಿನ ದಾರಿಯೂ ಇಕ್ಕಟ್ಟು. ಬಾಯಿ ಮುಚ್ಚಿದ್ದಾಗ ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿರುತ್ತೆ, ದವಡೆ ಅಗಲವಾಗಲು ಅದೇ ಆಸರೆ. ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನೋ ಮೆತ್ತನೆಯ ಗಂಟು ದಪ್ಪಗಾದರೆ ಮಗು ಬಾಯಲ್ಲೇ ಉಸಿರಾಡುತ್ತೆ, ನಾಲಿಗೆ ಕೆಳಗಿಳಿಯುತ್ತೆ. ವರ್ಷಗಟ್ಟಲೆ ಹೀಗಾದರೆ ಅಂಗುಳ ಕಿರಿದಾಗಿ ಮೇಲೇರಬಹುದು, ಮುಖ ಉದ್ದವಾಗಬಹುದು.

ಇನ್ನು ಆ ಗೊರಕೆ. ಅದು ನಿದ್ದೆಯ ಸದ್ದಲ್ಲ, ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವ ಸದ್ದು. ನೆಗಡಿಯಾದಾಗ ನಾಲ್ಕು ದಿನ ಬಂದರೆ ಬಿಡಿ. ನೆಗಡಿ ಇಲ್ಲದೆ ವಾರಕ್ಕೆ ಮೂರು ರಾತ್ರಿ ಬಂದರೂ ಡಾಕ್ಟರಿಗೆ ಹೇಳಲೇಬೇಕು. ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿ. ಕತ್ತು ಹಿಂದಕ್ಕೆ ಚಾಚಿರುತ್ತೆ, ತಲೆ ಬೆವರಿರುತ್ತೆ, ಉಸಿರೆಳೆದಾಗ ಎದೆಗೂಡು ಒಳಗೆ ಹೋಗುತ್ತೆ. ಗೊರಕೆ ಥಟ್ಟನೆ ನಿಲ್ಲುತ್ತೆ. ಆಮೇಲೆ ಮಗು ಏದುಸಿರು ಬಿಟ್ಟು ಹೊರಳುತ್ತೆ. ಇದಕ್ಕೆ ಒಳ್ಳೇ ನಿದ್ದೆ ಅನ್ನೋದು ಹೇಗೆ? ಇಂಥ ಮಗು ಹಗಲಲ್ಲಿ ದೊಡ್ಡವರ ಹಾಗೆ ತೂಕಡಿಸೋದು ಕಡಿಮೆ. ಸಿಡುಕುತ್ತೆ, ಕೂತಲ್ಲಿ ಕೂರಲ್ಲ, ಪಾಠದ ಕಡೆ ಗಮನ ಇರಲ್ಲ. ನಾವು ತುಂಟತನ ಅಂತ ಗದರುತ್ತೇವೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾದರೂ ಗಮನ ಕೊಡಿ.

ಹಗಲಲ್ಲಿ ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್ ಕಾಣುತ್ತೆ, ಅಡಿನಾಯ್ಡ್ ಕಾಣಲ್ಲ. ಹಾಗಾಗಿ ಮಲಗಿದಾಗ ಎರಡು ನಿಮಿಷ ವಿಡಿಯೊ ಮಾಡಿ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಎಲ್ಲರಿಗೂ ಆಪರೇಷನ್ ಬೇಕಾಗಲ್ಲ. ಕೆಲವರಿಗೆ ಮೂಗಿನ ಸ್ಪ್ರೇ ಸಾಕು, ಕೆಲವರಿಗೆ ಬೆಳೀತಾ ಸರಿಹೋಗುತ್ತೆ. ಆದರೆ ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು.

ಹಾಗಾದರೆ ಕಬ್ಬು, ಚಕ್ಕುಲಿ ಅಗಿಸಿದರೆ ದವಡೆ ಅಗಲ ಆಗುತ್ತಾ? ಅಗಿಯೋದು ದವಡೆಗೆ ಒಳ್ಳೇದೇ, ಯಾವಾಗಲೂ ಮೆತ್ತಗಿನ ಅನ್ನವನ್ನೇ ಕಲಸಿ ತಿನ್ನಿಸಬೇಡಿ. ಆದರೆ ಅಗಿದರೆ ಅಡಿನಾಯ್ಡ್ ಕುಗ್ಗಲ್ಲ. ಮೂಗು ಕಟ್ಟಿದ ಮಗುವಿನ ಬಾಯಿಗೆ ಟೇಪ್ ಅಂಟಿಸೋದಂತೂ ಅಪಾಯ, ಖಂಡಿತ ಬೇಡ. ದವಡೆ ನಿಜಕ್ಕೂ ಕಿರಿದಾಗಿದ್ದರೆ ಹಲ್ಲಿನ ಡಾಕ್ಟರು ಅಂಗುಳಕ್ಕೆ ಎಕ್ಸ್‌ಪ್ಯಾಂಡರ್ ಅನ್ನೋ ಸಾಧನ ಕೂರಿಸಿ ಅಗಲ ಮಾಡುತ್ತಾರೆ. ಅಂಗುಳದ ನಡುವಿನ ಮೂಳೆ ಸಂದು ಹದಿಹರೆಯದಲ್ಲಿ ಬೆಸೆಯುತ್ತಾ ಹೋಗುತ್ತೆ, ಅದಕ್ಕೂ ಮೊದಲು ಈ ಕೆಲಸ ಸುಲಭ.