ಮೊದಲ ಎಸೆತಕ್ಕೇ ಬೂದಿಯಾಗುವ ಮಂತ್ರದಂಡ

ಒಂದು ಮಂತ್ರದಂಡವಿದೆ. ಅದರ ಕೊನೆಯ ಚಾರ್ಜ್ (ಒಂದು ಸಲ ಮಂತ್ರ ಪ್ರಯೋಗಿಸುವಷ್ಟು ಶಕ್ತಿ) ಬಳಸಿದಾಗಲೆಲ್ಲ ಇಪ್ಪತ್ತು ಮುಖದ ದಾಳ ಎಸೆಯಬೇಕು. ಒಂದು ಬಿದ್ದರೆ ದಂಡ ಬೂದಿ. ಬೇರೇನು ಬಿದ್ದರೂ ಕ್ಷೇಮ. ಈಗ ಹೇಳಿ: ಎಷ್ಟನೆಯ ಎಸೆತದಲ್ಲಿ ಅದು ಬೂದಿಯಾಗುವ ಸಂಭವ ಎಲ್ಲಕ್ಕಿಂತ ಹೆಚ್ಚು? ಬಹುತೇಕರು ಇಪ್ಪತ್ತನೆಯದು ಎನ್ನುತ್ತಾರೆ. ಸ್ವಲ್ಪ ಹುಷಾರಿನವರು ಹತ್ತಕ್ಕೆ ಚೌಕಾಸಿ ಮಾಡುತ್ತಾರೆ. ಸರಿಯುತ್ತರ ಒಂದನೆಯದು.

ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ. ಮೊದಲ ಎಸೆತದಲ್ಲೇ ಹೋಗುವ ಸಂಭವ ಶೇ. 5. ಎರಡನೆಯದರಲ್ಲಿ ಹೋಗಬೇಕಾದರೆ ಮೊದಲನೆಯದರಲ್ಲಿ ಉಳಿದಿರಬೇಕಲ್ಲ? ಹಾಗಾಗಿ ಉಳಿದ 95ರಲ್ಲಿ ಇಪ್ಪತ್ತನೇ ಒಂದು ಪಾಲು, ಅಂದರೆ ಶೇ. 4.75. ಮೂರನೆಯದಕ್ಕೆ ಶೇ. 4.5ರ ಆಸುಪಾಸು. ಹೀಗೆ ಇಳಿಯುತ್ತಲೇ ಹೋಗುತ್ತದೆ. ಸರಾಸರಿ ಆಯುಸ್ಸು 20 ಎಸೆತ ಎನ್ನುವುದೇನೋ ನಿಜ. ಆದರೆ ಇಂಥ ನೂರು ದಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚು 14ನೆಯ ಎಸೆತದೊಳಗೇ ಬೂದಿಯಾಗುತ್ತವೆ ಎಂದು ಗಣಿತ ಹೇಳುತ್ತದೆ; ಸುಮಾರು 36 ದಂಡಗಳು ಇಪ್ಪತ್ತನ್ನೂ ದಾಟಿ ಬದುಕುತ್ತವೆ. ಸರಾಸರಿಯನ್ನು ಮೇಲಕ್ಕೆ ಎಳೆಯುವುದು ಈ ದೀರ್ಘಾಯುಷಿಗಳೇ.

ಇದು ನಾನು ಕಟ್ಟಿದ ಒಗಟಲ್ಲ. ಆಟಗಾರರು ಒಂದೊಂದು ಪಾತ್ರವಾಗಿ ದಾಳ ಎಸೆಯುತ್ತ ಕಥೆ ನಡೆಸುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೇ ಆವೃತ್ತಿಯಲ್ಲಿ ಬೆಂಕಿಯುಂಡೆ ಉಗುಳುವ ದಂಡಕ್ಕೆ 7 ಚಾರ್ಜ್. ಪ್ರತಿ ಮುಂಜಾನೆ ಆರು ಮುಖದ ದಾಳ ಎಸೆದು, ಬಿದ್ದದ್ದಕ್ಕೆ ಒಂದು ಕೂಡಿಸಿ ಅಷ್ಟು ಚಾರ್ಜ್ ಮರಳಿ ಪಡೆಯಬಹುದು. ಕೊನೆಯ ಚಾರ್ಜನ್ನೂ ಖಾಲಿ ಮಾಡಿದರೆ ಮಾತ್ರ ಮೇಲೆ ಹೇಳಿದ ಗಂಡಾಂತರ.

ದಾಳಕ್ಕೆ ನೆನಪಿಲ್ಲ. ಇಷ್ಟು ಸರಳವಾದ ಮಾತನ್ನು ಒಪ್ಪಿಕೊಳ್ಳಲು ಮನುಷ್ಯನ ಮಿದುಳು ಯಾಕಿಷ್ಟು ಹಟ ಮಾಡುತ್ತದೋ! ದಾಳ ಹಿಡಿದು ಕೂತ ಓದುಬರಹ ಬಲ್ಲವರೇ ‘ಕೈಕೊಟ್ಟ’ ದಾಳವನ್ನು ಬೇರೆ ಎತ್ತಿಡುತ್ತಾರೆ. ಹತ್ತೊಂಬತ್ತು ಸಲ ಪಾರಾದ ದಂಡವನ್ನು ಕಂಡು ‘ಇನ್ನು ಇದರ ಕಾಲ ಮುಗಿಯಿತು’ ಎಂದು ಪಿಸುಗುಡುತ್ತಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮೇಲೆ ನಿಂತಿತು. ‘ಇನ್ನು ಕೆಂಪು ಬರಲೇಬೇಕು’ ಎಂದು ಪಂಥ ಕಟ್ಟುತ್ತಾ ಹೋದವರು ಅಪಾರ ಹಣ ಕಳೆದುಕೊಂಡರು. ಜಾತಕದಲ್ಲಿ ‘ಕೆಟ್ಟ ಕಾಲ ಕಳೆಯಿತು, ಇನ್ನೆಲ್ಲ ಒಳ್ಳೆಯದೇ’ ಎಂಬ ಭರವಸೆ ಮಾರಾಟವಾಗುವುದೂ ಇದೇ ಬಂಡವಾಳದ ಮೇಲೆ. ಕಾರ್ಬನ್-14 ಪರಮಾಣುವನ್ನು ನೋಡಿ. ಅದರ ಅರ್ಧಾಯುಷ್ಯ, ಅಂದರೆ ಇಂಥ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ, ಸುಮಾರು 5,730 ವರ್ಷ. ನಿನ್ನೆ ಹುಟ್ಟಿದ ಪರಮಾಣುವಿಗೂ ಐದು ಸಾವಿರ ವರ್ಷ ಕಳೆದ ಪರಮಾಣುವಿಗೂ ನಾಳೆ ಒಡೆಯುವ ಸಂಭವ ಒಂದೇ. ಪರಮಾಣುವಿಗೆ ಮುಪ್ಪಿಲ್ಲ. ನಮ್ಮ ದಂಡಕ್ಕೂ ಇಲ್ಲ. ಅದರ ಅರ್ಧಾಯುಷ್ಯ ಹದಿಮೂರೂವರೆ ಎಸೆತ, ಅಷ್ಟೇ.

ಮಾಂತ್ರಿಕನಿಗೆ ಮಿತಿ ಹಾಕುವುದೇಕೆ ಎಂಬ ಪ್ರಶ್ನೆ ಈ ಆಟಗಳಷ್ಟೇ ಹಳೆಯದು. 1971ರಲ್ಲಿ ಬಂದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಬೆಂಕಿಯುಂಡೆಯ ವ್ಯಾಪ್ತಿ ದೊಡ್ಡ ಕವಣೆಯಂತ್ರಕ್ಕೆ ಸಮ ಎಂದಿತ್ತು. ಕವಣೆಯಂತ್ರವೇ ಕಾಲು ಬಂದು ಗುಹೆಯೊಳಗೆ ನಡೆದರೆ ಪಕ್ಕದಲ್ಲಿ ಕತ್ತಿ ಹಿಡಿದವನಿಗೇನು ಕೆಲಸ? 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ, ಇದಕ್ಕೆ ಮದ್ದು ಸಿಕ್ಕಿದ್ದು ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ಕಥೆಗಳಲ್ಲಿ. ಅಲ್ಲಿ ಮಂತ್ರವನ್ನು ಬಾಯಿಪಾಠ ಮಾಡಬೇಕು, ಪ್ರಯೋಗಿಸಿದ ಕ್ಷಣವೇ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಮಜೀರಿಯನ್ ಎಂಬ ಘನ ಮಾಂತ್ರಿಕನ ತಲೆಯಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು ಭಾರೀ ಮಂತ್ರ, ಇಲ್ಲವೇ ಆರು ಹಗುರ ಮಂತ್ರ. (ಈ ಆಟದ ಕುಖ್ಯಾತ ಖಳ ‘ವೆಕ್ನಾ’ನ ಹೆಸರು ವ್ಯಾನ್ಸ್ ಅವರ ಇಂಗ್ಲಿಷ್ ಅಕ್ಷರಗಳನ್ನೇ ಅದಲುಬದಲು ಮಾಡಿದ್ದು.) ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೇ ಅಸ್ತ್ರಮಂತ್ರ ಮರೆತ ಕರ್ಣನನ್ನು ಬಲ್ಲ ನಮಗೆ ಈ ಉಪಾಯ ತೀರಾ ಹೊಸದೇನೂ ಅನ್ನಿಸುವುದಿಲ್ಲ.

ಮಂತ್ರದಂಡ ಈ ಮರೆವಿನ ನಿಯಮಕ್ಕೆ ಕೊಟ್ಟ ರಿಯಾಯಿತಿ. ರಿಯಾಯಿತಿ ಎಷ್ಟಿರಬೇಕು ಎಂಬಲ್ಲಿಯೇ ವಿನ್ಯಾಸಕಾರರು ಎಡವಿದ್ದು. 2000ದ ಮೂರನೇ ಆವೃತ್ತಿಯಲ್ಲಿ ಹೊಸ ದಂಡವೆಂದರೆ 50 ಚಾರ್ಜ್, ಮುಗಿದರೆ ಬರೀ ಕಡ್ಡಿ. ಸಣ್ಣ ಗಾಯ ಮಾಯಿಸುವ ದಂಡಕ್ಕೆ 750 ಚಿನ್ನದ ನಾಣ್ಯ. ಒಂದು ಚಾರ್ಜಿಗೆ ಎಂಟು ಮುಖದ ದಾಳದ ಜೊತೆಗೆ ಒಂದು, ಸರಾಸರಿ ಐದೂವರೆ ಅಂಕದ ಆರೋಗ್ಯ. ಐವತ್ತಕ್ಕೆ 275. ಅಂದರೆ ಮೂರು ನಾಣ್ಯಕ್ಕೂ ಕಡಿಮೆ ಬೆಲೆಗೆ ಒಂದು ಅಂಕ! ಸ್ವಲ್ಪ ಹಣ ಕೂಡಿದ ತಂಡಕ್ಕೆ ಗಾಯವೆಂದರೆ ಖರ್ಚಿನ ಪಟ್ಟಿಯ ಒಂದು ಸಾಲು. ಪ್ರತಿ ಕಾಳಗದ ನಂತರ ಯಾರೋ ಒಬ್ಬರು ದಂಡ ತೆಗೆದು ಎಲ್ಲರನ್ನೂ ರಿಪೇರಿ ಮಾಡುತ್ತಿದ್ದರು. ಭಯವೂ ಇಲ್ಲ, ಮಾಟವೂ ಇಲ್ಲ.

ಹಾಗೆಂದು ಚಾರ್ಜ್ ಕಡಿತಗೊಳಿಸಿದರೆ ರೋಗ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಕರ್ಣ ಪಡೆದ ಶಕ್ತ್ಯಾಯುಧ ಒಂದೇ ಪ್ರಯೋಗದ್ದು. ಅರ್ಜುನನಿಗೆಂದು ಕಾದಿಟ್ಟ, ಕಾದಿಟ್ಟೇ ಇದ್ದ, ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಖರ್ಚು ಮಾಡಬೇಕಾಯಿತು. ಒಂದೇ ಚಾರ್ಜ್ ಕೈಯಲ್ಲಿರುವ ಆಟಗಾರ ಮಾಡುವುದೂ ಇದನ್ನೇ. ಆಟ ಮುಗಿದರೂ ದಂಡ ಚೀಲದಲ್ಲೇ ಇರುತ್ತದೆ.

ಐದನೇ ಆವೃತ್ತಿಯ ಬೂದಿನಿಯಮ ಈ ಎರಡರ ನಡುವೆ ದಾರಿ ಹುಡುಕಿತು, ಆದರೆ ನನಗೆ ಸಮಾಧಾನವಿಲ್ಲ. ಅಪಾಯವೆಲ್ಲ ಏಳನೆಯ ಚಾರ್ಜಿನಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಲೆಕ್ಕಾಚಾರದ ಆಟಗಾರ ಆರಕ್ಕೆ ನಿಲ್ಲಿಸಿ ಮುಂಜಾನೆಗೆ ಕಾಯುತ್ತಾನೆ. ನಿಯಮ ಪುಸ್ತಕದಲ್ಲೇ ಉಳಿಯುತ್ತದೆ.

ನನಗೆ ನಿಜವಾಗಿ ರೋಮಾಂಚನ ತಂದದ್ದು 2016ರ ‘ದಿ ಬ್ಲ್ಯಾಕ್ ಹ್ಯಾಕ್’ ಆಟದ ಇಳಿಯುವ ದಾಳ. ಚಾರ್ಜ್ ಎಣಿಸುವ ಗೊಡವೆಯೇ ಇಲ್ಲ. ಬಳಸಿದಾಗಲೆಲ್ಲ ದಾಳ ಎಸೆಯಿರಿ. ಒಂದೋ ಎರಡೋ ಬಿದ್ದರೆ ಮುಂದಿನ ಸಣ್ಣ ದಾಳಕ್ಕೆ ಇಳಿಯಿರಿ. ಇಪ್ಪತ್ತು ಮುಖದಿಂದ ಹನ್ನೆರಡು, ಹತ್ತು, ಎಂಟು, ಆರು, ನಾಲ್ಕು. ನಾಲ್ಕರಲ್ಲೂ ಒಂದೋ ಎರಡೋ ಬಿದ್ದರೆ ಸರಕು ಖಾಲಿ. ಸರಕು ಯಾವುದೇ ಇರಲಿ, ದಂಡಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಗಣಿತ ಎಷ್ಟು ಚೊಕ್ಕವಾಗಿದೆ ನೋಡಿ. ಪ್ರತಿ ದಾಳ ಸರಾಸರಿ ತನ್ನ ಮುಖಗಳ ಅರ್ಧದಷ್ಟು ಬಳಕೆ ತಾಳುತ್ತದೆ: ನಾಲ್ಕರದು 2, ಆರರದು 3, ಎಂಟರದು 4. ಎಂಟರಿಂದ ಶುರುವಾದ ದಂಡಕ್ಕೆ ಒಟ್ಟು 9. ಇನ್ನು ಒಂದೇ ಮಟ್ಟದಲ್ಲಿ, ಪ್ರತಿ ಬಳಕೆಗೂ ಒಂಬತ್ತರಲ್ಲಿ ಒಂದರಷ್ಟು ಅಪಾಯವಿರುವ ದಂಡಕ್ಕೂ ಸರಾಸರಿ 9 ಬಳಕೆ. ಆದರೆ ಎರಡರ ಗುಣವೇ ಬೇರೆ. ಒಂದೇ ಮಟ್ಟದ ದಂಡ ಮೊದಲ ಮೂರು ಬಳಕೆಯೊಳಗೆ ಕೈಕೊಡುವ ಸಂಭವ ಶೇ. 30. ಇಳಿಯುವ ದಂಡ ಮೂರನೆಯ ಬಳಕೆಗೇ ಮುಗಿಯಬೇಕಾದರೆ ಮೂರೂ ದಾಳಗಳು ಒಂದರ ಹಿಂದೊಂದು ಕೆಡಬೇಕು: ನಾಲ್ಕನೇ ಒಂದು, ಮೂರನೇ ಒಂದು, ಎರಡನೇ ಒಂದು, ಗುಣಿಸಿದರೆ 24ರಲ್ಲಿ ಒಂದು, ಸುಮಾರು ಶೇ. 4. ಒಂದೊಂದು ದಾಳಕ್ಕೂ ನೆನಪಿಲ್ಲ, ಆದರೆ ಸರಪಳಿಗೆ ಮುಪ್ಪಿದೆ! ನೆನಪಿಲ್ಲದ ತುಂಡುಗಳನ್ನು ಸಾಲಾಗಿ ಜೋಡಿಸಿ ವಯಸ್ಸಾಗುವ ವಸ್ತುವನ್ನು ಹುಟ್ಟಿಸಿದ್ದಾರೆ. ಕೊನೆ ಹತ್ತಿರವಾಯಿತು ಎಂಬುದು ಕೈಯಲ್ಲಿರುವ ದಾಳದ ಗಾತ್ರದಿಂದಲೇ ಗೊತ್ತಾಗುತ್ತದೆ. ಯಾವಾಗ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಆಟ ನಡೆಸುವವರಿಗೆ ಇದರಿಂದ ಇನ್ನೊಂದು ಲಾಭವುಂಟು. ಹತ್ತರಿಂದ ಶುರುವಾದರೆ ಒಟ್ಟು 14 ಬಳಕೆ, ಹನ್ನೆರಡರಿಂದ 20, ಇಪ್ಪತ್ತರಿಂದ 30. ಹಳೆಯ ದಂಡವನ್ನು ಆಟದೊಳಗಿನ ಅಂಗಡಿಗೆ ಮಾರಲು ಬಂದವನಿಗೆ ಬೆಲೆ ಕಟ್ಟುವುದು ಈಗ ಸುಲಭ: ಹನ್ನೆರಡು ಮುಖದ ದಂಡಕ್ಕೆ ಇಪ್ಪತ್ತು ನಾಣ್ಯವಾದರೆ ಎಂಟು ಮುಖದ್ದಕ್ಕೆ ಒಂಬತ್ತು, ನಾಲ್ಕು ಮುಖಕ್ಕೆ ಇಳಿದದ್ದಕ್ಕೆ ಎರಡೇ ಎರಡು. ಅದರ ಮೇಲೆ ಚರ್ಚೆ ಮಾಡುವ ಆಟಗಾರನ ಕೈಗೆ ದಾಳ ಕೊಟ್ಟು ಎಸೆಯಲು ಹೇಳಿ.