ಅಡ್ಡ ಕೊಯ್ತ: ಬ್ಲೇಡಿಗಿಂತ ಮೊದಲು ಸ್ಟಾಪ್ ನೋಡಿ

ಹತ್ತು ಸ್ಟೂಲಿಗೆ 400 ಮಿಮೀ ಉದ್ದದ 40 ಅಡ್ಡಪಟ್ಟಿ ಬೇಕಿತ್ತು. ಗರಗಸದ ಫೆನ್ಸಿಗೆ, ಅಂದರೆ ಹಲಗೆಯನ್ನು ಆನಿಸಿ ಹಿಡಿಯುವ ನೇರ ಪಟ್ಟಿಗೆ, ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ ಸ್ಟಾಪ್ ಇಟ್ಟೆ (ಹಲಗೆಯ ತುದಿ ಇದಕ್ಕೆ ತಾಗಿ ನಿಂತರೆ ಪ್ರತಿ ತುಂಡೂ ಒಂದೇ ಉದ್ದ), ಮೊದಲ ಪಟ್ಟಿ ಅಳೆದೆ, ಸರಿ ಇತ್ತು. ಆಮೇಲೆ ಅಳೆಯಲೇ ಇಲ್ಲ. ಕೊನೆಗೆ ಜೋಡಿಸಿ ನೋಡಿದರೆ ಕೊನೆಯ ಪಟ್ಟಿಗಳು ಒಂದು ಮಿಮೀ ಗಿಡ್ಡ! ಗರಗಸ ಸರಿಯಿಲ್ಲ ಎಂದು ಬೈದುಕೊಂಡೆ. ತಪ್ಪು ಅದರದ್ದಲ್ಲ. ಸ್ಟಾಪಿನ ಬುಡದಲ್ಲಿ ಹೊಟ್ಟು ಸೇರಿ ಗಟ್ಟಿಯಾಗಿತ್ತು, ಮರದ ತುದಿ ಸ್ಟಾಪಿಗೆ ತಾಗುತ್ತಲೇ ಇರಲಿಲ್ಲ.

ಪರಿಹಾರ ತೀರಾ ಸುಲಭ. ಸ್ಟಾಪಿನ ಕೆಳಮೂಲೆಯನ್ನು ಓರೆಯಾಗಿ ಕೆತ್ತಿ, ಇಲ್ಲವೇ ಟೇಬಲಿನಿಂದ ಮೂರು ಮಿಮೀ ಮೇಲಕ್ಕೆ ಕೂರಿಸಿ. ಹೊಟ್ಟು ಅಡಿಯಲ್ಲಿ ಜಾರಿ ಹೋಗುತ್ತದೆ. ಪಟ್ಟಿಗಳು 400 ಬದಲು 399.5 ಆದರೂ ಸ್ಟೂಲ್ ನಿಲ್ಲುತ್ತದೆ. ಆದರೆ ಎದುರುಬದುರಿನ ಎರಡು ಪಟ್ಟಿ ಒಂದೇ ಉದ್ದ ಇರಲೇಬೇಕು. ಅದನ್ನು ಕೊಡುವುದು ಸ್ಟಾಪೇ, ಟೇಪ್ ಅಲ್ಲ.

ಇನ್ನು ಬ್ಲೇಡ್. ಉದ್ದಕ್ಕೆ ಸೀಳುವಾಗ ಹಲ್ಲು ಉಳಿಯಂತೆ ನಾರನ್ನು ಎಬ್ಬಿಸಿ ತೆಗೆಯುತ್ತದೆ. ಅಡ್ಡ ಕೊಯ್ಯುವಾಗ ಮಾತ್ರ ನಾರನ್ನು ಚಾಕುವಿನಂತೆ ಕತ್ತರಿಸಬೇಕು, ಇಲ್ಲದಿದ್ದರೆ ಅಂಚು ಹರಿದು ಸಿಬಿರೇಳುತ್ತದೆ. ಅದಕ್ಕೇ ಅಡ್ಡ ಕೊಯ್ತದ ಹಲ್ಲುಗಳ ತುದಿ ಒಂದು ಎಡಕ್ಕೆ, ಒಂದು ಬಲಕ್ಕೆ ಓರೆ. ಹತ್ತು ಇಂಚಿನ ಬ್ಲೇಡಿನಲ್ಲಿ ಸೀಳಲು 24 ಹಲ್ಲು ಸಾಕು, ಅಡ್ಡಕ್ಕೆ 60ರಿಂದ 80 ಬೇಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಸಾದಾ ಉಕ್ಕಿನ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತುದಿಯದ್ದೇ ತೆಗೆದುಕೊಳ್ಳಿ. ಪೈನ್ ಕೊಯ್ದ ಬ್ಲೇಡಿಗೆ ಅಂಟು ಹತ್ತಿದ್ದರೂ ಅದು ಮೊಂಡಾದಂತೆಯೇ ಆಡುತ್ತದೆ. ಸಾಣೆಗೆ ಕೊಡುವ ಮುಂಚೆ ಒಮ್ಮೆ ತೊಳೆದು ನೋಡಿ.

ಹಲ್ಲಿನ ವಾಲಿಕೆಯನ್ನು ನಾವು ಹೊಸಬರು ನೋಡುವುದೇ ಇಲ್ಲ. ಟೇಬಲ್ ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಬಾಗಿರುತ್ತದೆ. ಅದನ್ನೇ ರೇಡಿಯಲ್ ಆರ್ಮ್ ಸಾಗೆ (ಟೇಬಲಿನ ಮೇಲಿನ ತೋಳಿನಲ್ಲಿ ಬ್ಲೇಡ್ ಹಿಂದೆ ಮುಂದೆ ಓಡುವ ಗರಗಸ) ಹಾಕಿದರೆ ಬ್ಲೇಡ್ ಮರವನ್ನು ಹತ್ತಿಕೊಂಡು ನಿಮ್ಮ ಕಡೆಗೇ ಓಡಿ ಬರುತ್ತದೆ. ಇಲ್ಲಿ ಸೊನ್ನೆ ಅಥವಾ ಸ್ವಲ್ಪ ಹಿಂದಕ್ಕೆ, ಮೈನಸ್ 5 ಡಿಗ್ರಿಯಷ್ಟು ವಾಲಿದ ಹಲ್ಲು ಬೇಕು. ಅಂದಹಾಗೆ, ರೇಡಿಯಲ್ ಆರ್ಮ್ ಸಾವನ್ನು ಎಳೆದು ಕೊಯ್ಯುತ್ತಾರೆ. ಸ್ಲೈಡಿಂಗ್ ಮೈಟರ್ ಸಾದಲ್ಲಿ (ಬ್ಲೇಡಿನ ತಲೆ ಹಳಿಯ ಮೇಲೆ ಜಾರಿ, ಕೆಳಗಿಳಿದು ಕೊಯ್ಯುವ ಗರಗಸ) ಉಲ್ಟಾ: ಮೊದಲು ನಿಮ್ಮ ಕಡೆಗೆ ಎಳೆದು, ಕೆಳಗಿಳಿಸಿ, ಹಿಂದಕ್ಕೆ ತಳ್ಳಬೇಕು. ಎರಡನ್ನೂ ಬಳಸುವವರು ಇದನ್ನು ಗೋಡೆ ಮೇಲೆ ಬರೆದಿಡುವುದು ಒಳ್ಳೆಯದು.

ಚಿಕ್ಕ ವರ್ಕ್‌ಶಾಪಿಗೆ ಯಾವುದು? ನನ್ನ ಪ್ರಕಾರ ಸ್ಲೈಡಿಂಗ್ ಮೈಟರ್ ಸಾ ಸಾಕು, ಸುಮಾರು 300 ಮಿಮೀ ಅಗಲದ ಹಲಗೆ ಕೊಯ್ಯುತ್ತದೆ. ಉಳಿದ ದುಡ್ಡು ಎರಡೂ ಬದಿಗೆ ಉದ್ದದ ಟೇಬಲ್, ನೇರವಾದ ಫೆನ್ಸ್, ಒಳ್ಳೆಯ ಬ್ಲೇಡಿಗೆ ಹೋಗಲಿ. ಹಲಗೆಯ ತುದಿ ಗಾಳಿಯಲ್ಲಿ ಜೋತಾಡಿದರೆ ಎಂಥ ಮೆಷಿನ್ ಇದ್ದರೂ ಪ್ರಯೋಜನವಿಲ್ಲ, ಅಲ್ವಾ?

ಮೂಲೆ ಸರಿಯಿದೆಯೇ ಎಂದು ನೋಡಲು ಮೂಲೆಮಟ್ಟವೂ ಬೇಡ. ಎರಡೂ ಅಂಚು ಸಮಾಂತರ ಇರುವ 150 ಮಿಮೀ ಅಗಲದ ಹಲಗೆಯನ್ನು ನಡುವೆ ಕೊಯ್ಯಿರಿ. ಒಂದು ತುಂಡನ್ನು ಮಗುಚಿ, ಅದರ ಇನ್ನೊಂದು ಅಂಚು ಫೆನ್ಸಿಗೆ ಬರುವಂತೆ ಇಟ್ಟು, ಕೊಯ್ದ ತುದಿಗಳನ್ನು ಕೂಡಿಸಿ. ಸಂದು ಕಂಡರೆ ಅದು ತಪ್ಪಿನ ಎರಡರಷ್ಟು. ಒಂದು ಮಿಮೀ ಸಂದು ಎಂದರೆ ಅರ್ಧ ಮಿಮೀ ತಪ್ಪು.

ಈಗ ಲೆಕ್ಕ. 2440 ಮಿಮೀ ಹಲಗೆಯಿಂದ 400ರ ಆರು ತುಂಡು ಬರುತ್ತದೆಯೇ? ಕಾಗದದ ಮೇಲೆ ಬರುತ್ತದೆ. ತುದಿ ಸರಿಮಾಡಲು 20 ತೆಗೆದರೆ 2420. ಪ್ರತಿ ತುಂಡಿಗೆ ಬ್ಲೇಡ್ ತಿನ್ನುವ ಮೂರು ಸೇರಿ 403, ಆರಕ್ಕೆ 2418. ಉಳಿಯುವುದು ಎರಡೇ ಮಿಮೀ. ಆ ಕಡೆಯ ತುದಿಯಲ್ಲೂ ಬಿರುಕಿದ್ದರೆ ಆರನೆಯದು ಹೋಯಿತು. ಹಾಗಾಗಿ ಮೊದಲು ಗಂಟು, ಬಿರುಕುಗಳಿಗೆ ಚಾಕ್ ಗುರುತು ಹಾಕಿ. ದೊಡ್ಡ ತುಂಡುಗಳನ್ನು ಮೊದಲು ತೆಗೆಯಿರಿ, ಚಿಕ್ಕವು ಆಮೇಲೆ ಎಲ್ಲಾದರೂ ಸಿಗುತ್ತವೆ.

ದೊಡ್ಡ ಕಾರ್ಖಾನೆಯ ಆಪ್ಟಿಮೈಸಿಂಗ್ ಗರಗಸ ಮಾಡುವುದೂ ಇದನ್ನೇ. ಕೆಲಸದವರು ಹೊಳೆಯುವ ಬಳಪದಿಂದ ದೋಷ ಗುರುತಿಸುತ್ತಾರೆ, ಸೆನ್ಸರ್ ಅದನ್ನು ಓದುತ್ತದೆ, ಕಂಪ್ಯೂಟರ್ ಎಲ್ಲಿ ಕೊಯ್ಯಬೇಕೆಂದು ಹೇಳುತ್ತದೆ. ಮೋಟು ತುಂಡುಗಳು ಫಿಂಗರ್ ಜಾಯಿಂಟಿಗೆ, ಅಂದರೆ ತುದಿಗಳನ್ನು ಬೆರಳಿನಂತೆ ಹೆಣೆದು ಅಂಟಿಸಲು ಹೋಗುತ್ತವೆ. ಕೈಯಿಂದ ನಡೆಸುವ ಅಪ್‌ಕಟ್ ಗರಗಸದಲ್ಲಿ ಬ್ಲೇಡ್ ಟೇಬಲಿನ ಕೆಳಗಿನಿಂದ ಏಳುತ್ತದೆ. ಸಾಮಾನ್ಯವಾಗಿ ಎರಡೂ ಕೈ ಎರಡು ಬಟನ್ ಮೇಲಿದ್ದರೆ ಮಾತ್ರ.

ನಮ್ಮ ಮೈಟರ್ ಸಾದಲ್ಲಿ ಆ ಭಾಗ್ಯವಿಲ್ಲ. ಕೈ ಬ್ಲೇಡಿನಿಂದ 150 ಮಿಮೀ ದೂರ ಇರಲಿ. ಬಾಗಿದ ಹಲಗೆಯ ಉಬ್ಬು ಫೆನ್ಸಿನ ಕಡೆಗಿರಲಿ, ಕೊಯ್ಯುವ ಜಾಗ ಫೆನ್ಸಿಗೆ ತಾಗಿರಲಿ. ಇಲ್ಲದಿದ್ದರೆ ಕೊಯ್ಯುತ್ತಿದ್ದಂತೆ ಮರ ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಸ್ಟಾಪಿಗೂ ಬ್ಲೇಡಿಗೂ ನಡುವಿನ ತುಂಡನ್ನು ಕ್ಲಾಂಪ್ ಹಿಡಿದಿರಬೇಕು, ಸುಮ್ನೆ ಬಿಟ್ಟರೆ ಓರೆಯಾಗಿ ಸಿಕ್ಕಿ ಹಾರುತ್ತದೆ. ಕೊಯ್ದಾದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಗರಗಸದ ತಲೆ ಎತ್ತಿ. ಬ್ಲೇಡ್ ನಿಲ್ಲುವ ಆ ಕೆಲವು ಸೆಕೆಂಡಿನಲ್ಲಿ ಸ್ಟಾಪಿನ ಬುಡ ನೋಡಿಕೊಳ್ಳಿ, ಹೊಟ್ಟು ಕಂಡರೆ ಬ್ಲೇಡ್ ನಿಂತ ಮೇಲೆ ಬ್ರಷ್‌ನಿಂದ ಗುಡಿಸಿ.